ನಮ್ಮ ಮನೆಯಲ್ಲಿ ಆಡು ಇರಲಿಲ್ಲ

ಹೋದ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಕಾಂಪೌಂಡು ಗೋಡೆಗೆ ಏಣಿ ಒರಗಿಸಿ ಹಲಸಿನೆಲೆ ಕೀಳುತ್ತಿದ್ದೆ. ಕಳ್ಳತನವಲ್ಲ. ಮರ ಪೌಲೋಸ್ ಚೇಟ್ಟನದು, ಎಂದರೆ ಪೌಲೋಸಣ್ಣನದು, ಕೊಂಬೆ ನಮ್ಮ ಕಡೆಗೆ ಬಾಗಿದ್ದು, ಹಿಂದಿನ ದಿನವೇ ಕೇಳಿಕೊಂಡಿದ್ದೆ. ಮುರಿದ ತೊಟ್ಟಿನಿಂದ ಹಾಲಿನಂಥ ಮೇಣ ಬೆರಳಿಗೆ ಅಂಟಿ, ಅದರ ಹಸಿ ವಾಸನೆ ಮೂಗಿಗೆ ಬಂತು. ಅಷ್ಟರಲ್ಲಿ ಚಹಾದ ಲೋಟ ಹಿಡಿದು ಹೊರಗೆ ಬಂದ ಚೇಟ್ಟನ್ ತಲೆಯೆತ್ತಿ, ಬಹಳ ಮರ್ಯಾದೆಯಿಂದ ಕೇಳಿದರು: "ಸಾರೇ, ವೀಟ್ಟಿಲ್ ಆಡುಂಡೋ?"

ಮನೆಯಲ್ಲಿ ಆಡು ಇದೆಯೇ ಎಂದು. ಕೇರಳದಲ್ಲಿ ಹಲಸಿನೆಲೆಯನ್ನು ಕಟ್ಟು ಕಟ್ಟಾಗಿ ಮನೆಗೆ ಒಯ್ಯುವವರು ಆಡು ಸಾಕುವವರು. ನಮ್ಮ ಉಡುಪಿ ಕಡೆಯವರು ಅದೇ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ, ಲೋಟದ ಹಾಗೆ ಕೊಟ್ಟೆ ಕಟ್ಟಿ, ಅದಕ್ಕೆ ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿ ಕಡುಬು ಮಾಡುತ್ತಾರೆಂದು ಚೇಟ್ಟನಿಗೆ ಹೇಗೆ ಗೊತ್ತಿರಬೇಕು? ಏಣಿಯ ಮೇಲಿಂದಲೇ ವಿವರಿಸಿದೆ. ಅವರು ಪೂರ್ತಿ ಕೇಳಿ, ತಲೆಯಾಡಿಸಿ, ಆಡು ಚಿಕ್ಕದೋ ದೊಡ್ಡದೋ ಎಂದು ವಿಚಾರಿಸಿದರು.

ನಾವಿರುವುದು ತ್ರಿಪ್ಪುಣಿತ್ತುರದಿಂದಲೂ ಆಚೆ. ಕೊಚ್ಚಿಯ ಮೆಟ್ರೊ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಆಟೋ, ಆಟೋದವರು ಇನ್ನು ಬರುವುದಿಲ್ಲ ಎಂದಲ್ಲಿಂದ ಕಾಲ್ನಡಿಗೆ. ಊರಿನಿಂದ ಫೋರ್ಟ್ ಕೊಚ್ಚಿ ನೋಡಲು ಬರುವ ನೆಂಟರು ನಮ್ಮ ಮನೆಯಲ್ಲಿ ಬ್ಯಾಗು ಇಳಿಸಿ, ಸಮುದ್ರ ಎಲ್ಲಿ ಎನ್ನುತ್ತಾರೆ. ಅವರನ್ನು ಟೆರೇಸಿಗೆ ಕರೆದೊಯ್ದು, ತೆಂಗಿನ ಮರಗಳ ಹಿಂದಿನ ಮೊಬೈಲ್ ಟವರ್ ತೋರಿಸಿ, ಅದರಿಂದಲೂ ತುಂಬ ಆಚೆ ಎನ್ನುತ್ತೇನೆ. ಬೆಳಗಾದರೆ ಮೀನಿನ ಸ್ಕೂಟರಿನ ಹಾರ್ನು, ಅಂಗಳ ಗುಡಿಸುವ ಸದ್ದು, ಒಣಗೆಲೆ ಸುಡುವ ಹೊಗೆ. ಆ ಹೊಗೆಯ ಬಗ್ಗೆ ರೆಸಿಡೆಂಟ್ಸ್ ಅಸೋಸಿಯೇಶನ್ನಿನ ವಾಟ್ಸಾಪ್ ಗುಂಪಿನಲ್ಲಿ ಒಂದು ದೂರು, ದೂರಿಗೆ ಉತ್ತರವಾಗಿ ಕೈಮುಗಿದ ಚಿತ್ರಗಳ ಸಾಲು. ಹೊರವಲಯ ಎಂದರೇನು ಎಂದು ನೀವು ಕೇಳಿದರೆ ನನ್ನ ವ್ಯಾಖ್ಯೆ ಇಷ್ಟು: ಮನೆಯ ಪಕ್ಕದ ಚಪ್ಪರದಲ್ಲಿ ಕಾರು ನಿಲ್ಲಿಸಬೇಕೋ ಆಡು ಕಟ್ಟಬೇಕೋ ಎಂದು ಊರು ಇನ್ನೂ ತೀರ್ಮಾನಿಸದ ಜಾಗ.

ನಾನು ಬೆಳೆದದ್ದೂ ಅಂಥದೇ ಜಾಗದಲ್ಲಿ, ಆದರೆ ತಿರುವನಂತಪುರದಲ್ಲಿ. ರಾಕೆಟ್ಟಿನ ಕೆಲಸಕ್ಕೆ ವರ್ಗವಾಗಿ ಬಂದ ಅಪ್ಪನಿಗೆ ಬಾಡಿಗೆಮನೆ ಸಿಕ್ಕಿದ್ದು ಶ್ರೀಕಾರ್ಯಂ ಎಂಬ ಕಡೆಯಿಂದ ಒಳಗೆ, ಬಸ್ಸು ರಿವರ್ಸ್ ತೆಗೆದು ಮುಖ ತಿರುಗಿಸುವಲ್ಲಿ. ಅಪ್ಪ ಆಕಾಶಕ್ಕೆ ಏನೇನೋ ಹಾರಿಸುತ್ತಿದ್ದರು, ಅಮ್ಮ ಬಾವಿಯಿಂದ ನೀರು ಸೇದುತ್ತಿದ್ದಳು. ಓಣಿಯವರೆಲ್ಲ ಮಲಯಾಳಿಗಳು, ಅಮ್ಮನಿಗೆ ಮಲಯಾಳ ಬಾರದು. ಮೊದಲ ವರ್ಷ ಅವಳು ಮಾತಾಡಿದ್ದು ಅಪ್ಪನ ಜೊತೆ, ಅಕ್ಕನ ಜೊತೆ, ನನ್ನ ಜೊತೆ, ಉಳಿದಂತೆ ಪಾತ್ರೆಗಳ ಜೊತೆ. ಆಮೇಲೆ ಗೋಡೆಯಾಚೆಯ ಸರಸ ಚೇಚಿ, ನಮ್ಮ ಲೆಕ್ಕದಲ್ಲಿ ಸರಸಕ್ಕ, ಸಿಕ್ಕಿದರು. ಇಬ್ಬರೂ ಅವರವರ ಭಾಷೆಯಲ್ಲಿ ಮಾತಾಡುತ್ತ, ಒಬ್ಬರಿಗೊಬ್ಬರು ಅರ್ಥವಾದ ಹಾಗೆ ನಗುತ್ತಿದ್ದರು. ಚೇಚಿಯ ಗಂಡ ರಾಘವನ್ ಸಾರ್ ನಿವೃತ್ತ ಹೆಡ್‌ಮಾಸ್ಟರ್, ಓಣಿಯ ಅಸೋಸಿಯೇಶನ್ನಿನ ಅಧ್ಯಕ್ಷ. ನಮ್ಮ ಮನೆ ಗಲ್ಫಿನಲ್ಲಿದ್ದ ಅವರ ಅಣ್ಣನದು. ಎಂದರೆ, ಸಾರ್ ಮುಖ ಗಂಟಿಕ್ಕಿದರೆ ನಮ್ಮ ಮನೆಯೂ ಹೋಯಿತು, ಅಮ್ಮನ ಒಬ್ಬಳೇ ಗೆಳತಿಯೂ ಹೋದಳು.

ಸಾರ್ ಒಂದು ನಿಯಮ ತಂದಿದ್ದರು: ಓಣಿಯಲ್ಲಿ ದನ, ಆಡು, ಕೋಳಿ ಸಾಕುವಂತಿಲ್ಲ. ಇದು ಇನ್ನು ಹಳ್ಳಿಯಲ್ಲ, ಆಫೀಸರುಗಳ ಕಾಲನಿ ಎಂಬುದು ಅವರ ವಾದ. ಆ ಮಳೆಗಾಲದಲ್ಲಿ ಅವರ ಗುಲಾಬಿ ಗಿಡಗಳ ಚಿಗುರೆಲ್ಲ ಯಾರೋ ಮೇದುಬಿಟ್ಟರು. ಅದೇ ಹೊತ್ತಿಗೆ ಅಮ್ಮ ದಿನವೂ ಗೋಡೆಯ ಪಕ್ಕ ಹಲಸಿನೆಲೆ ಕೀಳುವುದನ್ನು ಯಾರೋ ನೋಡಿದ್ದರು.

ಮುಂದಿನದನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಭಾನುವಾರ ಬೆಳಿಗ್ಗೆ ಸಾರ್, ಸೆಕ್ರೆಟರಿ ಮತ್ತು ಇನ್ನೊಬ್ಬರು ಕೊಡೆ ಮಡಚಿ ನಮ್ಮ ಜಗಲಿಯಲ್ಲಿ ಕುಳಿತರು. ವಿಚಾರಣೆ ಎಂದರೆ ವಿಚಾರಣೆಯೇ. ಆಡೆಲ್ಲಿ ಎಂದರು. ಅಮ್ಮನಿಗೆ ಉತ್ತರ ಹೇಳುವ ಭಾಷೆ ಇಲ್ಲ. ಒಳಗೆ ಹೋದವಳು ಹಬೆಯಾಡುವ ಕೊಟ್ಟೆ ಕಡುಬು, ಕಾಯಿ ಚಟ್ನಿ ತಂದು ಮುಂದಿಟ್ಟಳು. ಸಾರ್ ಎಲೆ ಬಿಡಿಸಿದರು, ಮೂಸಿದರು, ತಿಂದರು, ಇನ್ನೊಂದು ತೆಗೆದುಕೊಂಡರು. ನಾನು ನಡುವೆ ಬೇಕೆಂದೇ ಆಡಿನ ಹಾಗೆ ಕೂಗಿ ಅಪ್ಪನಿಂದ ಜೋರಾಗಿ ಬೈಸಿಕೊಂಡೆ. ಗೋಡೆಯಾಚೆಯಿಂದ ಚೇಚಿ, "ಞಾನ್ ಪರಞ್ಞಿಲ್ಲೇ," ನಾನು ಹೇಳಲಿಲ್ಲವೇ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಮೂವರೂ ಕೈತೊಳೆದು, ಕ್ಷಮೆ ಕೇಳಿ ಹೋದರು. ಅಂದಿನಿಂದ ಪ್ರತಿ ಭಾನುವಾರ ನಮ್ಮಲ್ಲಿ ಕೊಟ್ಟೆ ಕಡುಬು. ಅದರಲ್ಲೊಂದು ಪಾಲು ಗೋಡೆಯಾಚೆಗೆ.

ನಾನು ಇತಿಹಾಸ ಓದಿ, ಈಗ ಅದನ್ನೇ ಕಲಿಸಿ ಹೊಟ್ಟೆ ಹೊರೆಯುವವನು. ವಿದ್ಯಾರ್ಥಿಗಳು ಅಜ್ಜ ಹೇಳಿದ ಕಥೆ ತಂದರೆ, ಅಜ್ಜ ಅಲ್ಲಿದ್ದರೇ ಎಂದು ಕೇಳಿ ಅವರ ಮುಖ ಬಾಡಿಸುತ್ತೇನೆ. ನನ್ನ ನೆನಪಿನ ಮೇಲೂ ನನಗೆ ನಂಬಿಕೆ ಕಡಿಮೆ. ಗ್ಯಾಸ್ ಆರಿಸಿದೆನೋ ಎಂದು ಬಸ್‌ಸ್ಟಾಪಿನಿಂದ ತಿರುಗಿ ಬಂದದ್ದುಂಟು. ಆದರೆ ಈ ಕಡುಬಿನ ಕಥೆಯನ್ನು ಮಾತ್ರ ಯಾವತ್ತೂ ಅನುಮಾನಿಸಿರಲಿಲ್ಲ. ಪರನಾಡಿನಲ್ಲಿ ಅಮ್ಮ ಬಾಯಿಬಿಡದೆ ನಮ್ಮ ಸಂಸ್ಕೃತಿಯನ್ನು ಗೆಲ್ಲಿಸಿದ ಕಥೆ ಅದು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದೆ. ಅವಳು ಮೈಸೂರಿನವಳು, ಭಾವುಕಳಲ್ಲ. "ಕೃಷ್ಣಾಷ್ಟಮಿಗೆ ಮಾಡೋದು ಅಂತಾರಲ್ಲ, ನಿಮ್ಮಮ್ಮ ವಾರವಾರ ಯಾಕೆ ಮಾಡ್ತಿದ್ರು?" ಎಂದಳು. ಸಾಕ್ಷ್ಯ ಕೇಳುವ ಕಸುಬಿನವನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಪ್ರೀತಿಗೆ ಎಂದೆ. ಅವಳು ಮಾತು ಬದಲಿಸಿದಳು, ಒಪ್ಪಿದಳೆಂದು ಅರ್ಥವಲ್ಲ.

ಹೋದ ಭಾನುವಾರ ಚೇಟ್ಟನ ಪ್ರಶ್ನೆಯಿಂದ ಖುಷಿಯಾಗಿ, ಮಧ್ಯಾಹ್ನ ಅಮ್ಮನಿಗೆ ಫೋನು ಮಾಡಿದೆ. ಅವಳೀಗ ಮಂಗಳೂರಿನಲ್ಲಿ ಅಕ್ಕನ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳ ಮೇಲೆ ಅಧಿಕಾರ ನಡೆಸುತ್ತಿದ್ದಾಳೆ. ಕಥೆಯಲ್ಲಿ ಒಂದು ವಿವರ ಮಾತ್ರ ನನಗೆ ಖಾತ್ರಿಯಿರಲಿಲ್ಲ.

"ಅಮ್ಮ, ಆ ದಿನ ರಾಘವನ್ ಸಾರ್ ತಿಂದದ್ದು ಎರಡು ಕಡುಬೋ ಮೂರೋ?"

"ಯಾವ ದಿನ?"

"ಅದೇ, ನಮ್ಮ ಮನೆಯಲ್ಲಿ ಆಡು ಉಂಟು ಅಂತ ಹುಡುಕಿಕೊಂಡು ಬಂದದ್ದಲ್ಲ."

ಅಮ್ಮ ಮೊಮ್ಮಕ್ಕಳನ್ನು ಆಚೆ ಕಳಿಸಿದಳು. ಆಮೇಲೆ, "ಆಡು ಇತ್ತಲ್ಲ ಮಾರಾಯ," ಎಂದಳು.

ನಾನು ಕುರ್ಚಿ ಎಳೆದುಕೊಂಡು ಕುಳಿತೆ.

ಆಡು ಸರಸ ಚೇಚಿಯದು. ಅವರು ಆಡುಗಳ ನಡುವೆ ಬೆಳೆದವರು. ಗಂಡನ ನಿಯಮಕ್ಕೆ ಸಭೆಯಲ್ಲಿ ಕೈಯೆತ್ತಿ ಬಂದು, ತಂಗಿಯ ಮನೆಗೆ ಹೋದಾಗ ಆಸೆ ತಡೆಯಲಾರದೆ ಒಂದು ಸಣ್ಣ ಆಡನ್ನು ಆಟೋದಲ್ಲಿ ಕೂರಿಸಿಕೊಂಡು ಬಂದರು. ಅಧ್ಯಕ್ಷರ ಮನೆಯಲ್ಲಿ ಕಟ್ಟುವುದು ಹೇಗೆ? ನಮ್ಮ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಕಟ್ಟಿದರು. ಅಮ್ಮ ಬೇಡವೆನ್ನಲಿಲ್ಲ. ಆ ಊರಿನಲ್ಲಿ ಅವಳನ್ನು ನಂಬಿ ಒಬ್ಬರು ಒಂದು ಗುಟ್ಟು ಹೇಳಿದ್ದು ಅದೇ ಮೊದಲು. ಮಳೆಯ ಸದ್ದಿನಲ್ಲಿ ಆಡಿನ ಕೂಗು ಯಾರಿಗೂ ಕೇಳಲಿಲ್ಲ. ಒಂದು ದಿನ ಅದು ಹಗ್ಗ ಬಿಚ್ಚಿಕೊಂಡು, ಬೇರೆ ಮನೆಯಿಲ್ಲದ ಹಾಗೆ, ಅಧ್ಯಕ್ಷರ ಗುಲಾಬಿಯನ್ನೇ ಮೇಯಿತು.

"ಭಾನುವಾರ ಬರ್ತಾರೆ ಅಂತ ಸರಸ ಹಿಂದಿನ ದಿನವೇ ಹೇಳಿದ್ದಳು. ಎಲೆ ಎಂತಕ್ಕೆ ಅಂತ ಕೇಳಿದರೆ ಏನಾದರೂ ತೋರಿಸಬೇಕಲ್ಲ? ಅಜ್ಜಿ ಕೊಟ್ಟೆ ಕಟ್ಟುವುದು ನೋಡಿದ್ದೆ, ಅಷ್ಟೇ. ಆ ರಾತ್ರಿ ಕಟ್ಟಿ ಕಲಿತದ್ದು ನಾನು."

ಅಂದರೆ ನಾಡಿನ ರುಚಿ ಎಂದು ನಾನು ಇಷ್ಟು ವರ್ಷ ಚಪ್ಪರಿಸಿದ್ದು ಒಂದು ಸುಳ್ಳುಸಾಕ್ಷಿಯನ್ನು. ಸಾರ್‌ಗೆ ಅದು ಬಹಳ ಹಿಡಿಸಿ, ಮರುವಾರ ಕಡುಬು ಎಲ್ಲಿ ಎಂದು ಕೇಳಿ ಕಳಿಸಿದರಂತೆ. ನಿಲ್ಲಿಸಿದರೆ ಅನುಮಾನ ಬರುತ್ತದೆಂದು ಅಮ್ಮ ಮಾಡುತ್ತಲೇ ಹೋದಳು. ಓಣಂ ಹಬ್ಬದ ಹೊತ್ತಿಗೆ ಆಡು ಚೇಚಿಯ ತಂಗಿಯ ಮನೆಗೆ ವಾಪಸಾಯಿತು, ಕಡುಬು ಉಳಿಯಿತು.

"ಚೇಚಿಯ ಕಣ್ಣಲ್ಲಿ ನೀರಿತ್ತಲ್ಲ?"

"ನಗು ತಡೆದು ಬಂದದ್ದು ಅದು. ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು."

ಕೊನೆಗೆ, ನನಗೆ ಯಾಕೆ ಯಾರೂ ಹೇಳಲಿಲ್ಲ ಎಂದು ಸ್ವಲ್ಪ ಕೋಪದಲ್ಲೇ ಕೇಳಿದೆ.

"ನಿನಗೆ ಹೇಳುವುದೆಂತ? ಆ ಆಡಿಗೆ ಹೆಸರಿಟ್ಟದ್ದೇ ನೀನು. ಸೆಕ್ರೆಟರಿ ಅಂತ. ಇಬ್ಬರಿಗೂ ಅದೇ ಗಡ್ಡ. ಅವರು ತಿನ್ನುತ್ತಿರುವಾಗ ಹಿತ್ತಲಿನಲ್ಲಿ ಅದು ಮೇ ಅಂತು. ನೀನು ತಕ್ಷಣ ಅವರ ಮುಂದೆಯೇ ಮೇ ಅಂತ ಕೂಗಿದೆ. ಅಪ್ಪ ಜೋರಾಗಿ ಬೈದದ್ದೂ ಅದು ಇನ್ನೊಮ್ಮೆ ಕೂಗಿದರೆ ಕೇಳಬಾರದು ಅಂತಲೇ. ಯಾರಿಗೂ ಹೇಳಬೇಡ ಅಂದಿದ್ದೆ ನಿನಗೆ. ನೀನು ನಿನಗೂ ಹೇಳಿಕೊಳ್ಳಲಿಲ್ಲ, ಅಷ್ಟೇ."

ಈಗ ಹೇಳಬಹುದು, ಸಾರ್ ಹೋಗಿ ವರ್ಷವಾಯಿತಲ್ಲ, ಸರಸಳನ್ನೂ ಕೇಳಿ ಆಗಿದೆ ಎಂದಳು. ಇಬ್ಬರೂ ಈಗಲೂ ಫೋನಿನಲ್ಲಿ ಮಾತಾಡುತ್ತಾರೆ, ಅವರವರ ಭಾಷೆಯಲ್ಲೇ.

ಆ ರಾತ್ರಿಯಿಂದ ನಾನು ಸೌದೆ ಕೊಟ್ಟಿಗೆಯ ಬಾಗಿಲನ್ನು ಮನಸ್ಸಿನಲ್ಲಿ ಎಷ್ಟು ಸಲ ತೆರೆದೆನೋ. ಒಳಗೆ ಈಗ ಒಂದು ಆಡು ನಿಂತಿರುತ್ತದೆ, ಕಪ್ಪು ಬಿಳಿ ಮಚ್ಚೆಯದು. ಆದರೆ ಅದನ್ನು ನಾನು ಕಂಡದ್ದೋ, ಅಮ್ಮ ಹೇಳಿದ ಮೇಲೆ ಕಟ್ಟಿದ್ದೋ? ಮಚ್ಚೆಯ ವಿಷಯ ಅವಳು ಹೇಳಿರಲಿಲ್ಲ. ಕೇಳಿ ನೋಡೋಣವೆಂದು ಫೋನು ಕೈಗೆತ್ತಿಕೊಂಡು, ಬೇಡವೆಂದು ಕೆಳಗಿಟ್ಟೆ. ಇನ್ನೊಂದು ನೆನಪೂ ಜೊತೆಗೆ ಬಂತು: ರಾಘವನ್ ಸಾರ್ ಸಂಜೆ ಗುಲಾಬಿ ಗಿಡ ಸವರಿ, ಎಳೆ ಕಡ್ಡಿಗಳನ್ನು ಆಚೀಚೆ ನೋಡಿ, ನಮ್ಮ ಹಿತ್ತಲಿಗೆ ಎಸೆಯುತ್ತಿದ್ದರು. ಇದು ನಿಜವಾಗಿದ್ದರೆ, ವಿಚಾರಣೆಯ ದಿನ ಆ ಜಗಲಿಯಲ್ಲಿ ಮೋಸಹೋದವರು ಯಾರು ಎಂದು ಮತ್ತೆ ಲೆಕ್ಕ ಹಾಕಬೇಕು. ನಿಜವೋ ಅಲ್ಲವೋ ಹೇಳಲು ಸಾರ್ ಇಲ್ಲ.

ಹೆಂಡತಿಗೂ ಮಗಳಿಗೂ ಹೊಸ ಕಥೆ ಹೇಳಿದೆ. ಹೆಂಡತಿ, "ನಾನು ಆವತ್ತೇ ಕೇಳಿದ್ದೆ," ಎಂದಳು. ಹಳೆಯ ಕಥೆ ಹೇಳುವಾಗ ಮೊಬೈಲು ನೋಡುತ್ತಿದ್ದ ಮಗಳು ಈ ಸಲ ಎರಡನೆಯ ಬಾರಿ ಹೇಳಿಸಿಕೊಂಡಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುವವಳು ಅವಳು.

ಇವತ್ತು ಮತ್ತೆ ಭಾನುವಾರ. ಏಣಿ ಒರಗಿಸಿದೆ, ಬೆರಳಿಗೆ ಮೇಣ ಹತ್ತಿತು. ಪೌಲೋಸ್ ಚೇಟ್ಟನ್ ಚಹಾದ ಲೋಟದೊಂದಿಗೆ ಬಂದು ನಿಂತರು. ಹೋದ ವಾರ ನಾನು ಕಳಿಸಿದ್ದ ಕಡುಬನ್ನು ತಿಂದಿದ್ದರು, ಹೊಗಳಿಯೂ ಇದ್ದರು. ಆದರೂ ಮನಸ್ಸಿನಲ್ಲಿ ಏನೋ ಉಳಿದಿರಬೇಕು. ದನಿ ತಗ್ಗಿಸಿ ಕೇಳಿದರು: "ಸಾರೇ, ಆಡಿಲ್ಲೆನ್ನ್ ಉರಪ್ಪಾಣೋ?" ಆಡಿಲ್ಲವೆಂಬುದು ಖಾತ್ರಿಯೇ ಎಂದು.

ನಾನು ಯೋಚಿಸಿದೆ.

"ಉರಪ್ಪಿಲ್ಲ ಚೇಟ್ಟಾ," ಎಂದೆ. ಖಾತ್ರಿಯಿಲ್ಲ.

ಅದೇ ಕ್ಷಣಕ್ಕೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಮೇ ಎಂದು ಉದ್ದನೆಯ ಕೂಗು ಬಂತು. ಮಗಳು. ಅದು ಕನ್ನಡವೋ ಮಲಯಾಳವೋ ಎಂದು ಹೇಳುವಂತಿರಲಿಲ್ಲ. ನಾನು ಅಪ್ಪನ ಹಾಗೆ ಜೋರಾಗಿ ಬೈದೆ.

ಚೇಟ್ಟನ್ ಕಿಟಕಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಲೋಟವನ್ನು ಗೋಡೆಯ ಮೇಲಿಟ್ಟು, ಎಳೆ ಎಲೆಗಳಿದ್ದ ಇನ್ನೊಂದು ಕೊಂಬೆಯನ್ನು ನನ್ನ ಕೈಗೆ ಸಿಗುವ ಹಾಗೆ ಬಗ್ಗಿಸಿ ಹಿಡಿದರು.