ಈರುಳ್ಳಿ ಗದ್ದೆಗೆ ಬಂದ ಫೈರ್ ಇಂಜಿನ್

ಕಾಗಾಲದ ತಿಮ್ಮ ಗೌಡನನ್ನು ಪೇಟೆಗೆ ಒಬ್ಬನೇ ಕಳಿಸಬಾರದು. ಇದು ನನ್ನ ಮಾತಲ್ಲ, ಅವನ ಹೆಂಡತಿ ಮಂಜಿಯದು. ಚಾಪೆ ತರಲು ಹೊನ್ನಾವರಕ್ಕೆ ಹೋದವನು ಕ್ಷೌರದಂಗಡಿಯ ತಿರುಗುವ ಕುರ್ಚಿ ಹೊತ್ತು ತಂದ. ಇನ್ನೊಮ್ಮೆ ಮುಚ್ಚಿದ ಟಾಕೀಸಿನ ನಾಲ್ಕು ಸೀಟು ತಂದು ಅಂಗಳದಲ್ಲಿ ಊರಿದ. ಅವರ ಮನೆಗೆ ಹೋದರೆ ಇವತ್ತಿಗೂ ‘ಬಿ ೧೪’ರಲ್ಲಿ ಕೂತು ಚಹಾ ಕುಡಿಯಬೇಕು. ಚುನಾವಣೆ ಮುಗಿದ ಮೇಲೆ ಊರಿನ ಹಳೇ ಫ್ಲೆಕ್ಸ್‌ಗಳನ್ನೆಲ್ಲ ಬಿಚ್ಚಿ ತಂದು ಅಟ್ಟದಲ್ಲಿ ಸುತ್ತಿಟ್ಟಿದ್ದಾನೆ. ಎಂತಕ್ಕೆ ಎಂದರೆ, "ಉಪಯೋಗಕ್ಕೆ ಬರ್ತದೆ" ಎನ್ನುತ್ತಾನೆ. ಆ ಮಾತಿಗೆ ನನ್ನ ಮೈ ಉರಿಯುತ್ತದೆ. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಕೆಲಸಕ್ಕೆ ಬಾರದ ಒಂದು ಸ್ಕ್ರೂ ಕೂಡ ನನ್ನ ಮನೆಯಲ್ಲಿಲ್ಲ.

ಈ ಜನವರಿಯಲ್ಲಿ ಅಘನಾಶಿನಿ ಹೊಳೆಯ ಅಳಿವೆ ಕಡೆಯ ಕಟ್ಟೆ ಬಿರುಕು ಬಿಟ್ಟು ಉಪ್ಪುನೀರು ಗದ್ದೆಗೆ ಜಿನುಗಿತು. ನಮ್ಮಲ್ಲಿ ಈರುಳ್ಳಿ ಗದ್ದೆಯ ನಡುವೆಯೇ ಒಂದು ಹೊಂಡ ತೋಡಿ, ಅದರಲ್ಲಿ ಕೊಡ ಅದ್ದಿ ಮಡಿಗಳಿಗೆ ನೀರು ಹೊಯ್ಯುವುದು ರೂಢಿ. ಮಂಜಿಯ ಹೊಂಡದ ನೀರು ಬಾಯಿಗಿಡುವಂತಿರಲಿಲ್ಲ. ಒಂದು ವರ್ಷದ ಈರುಳ್ಳಿ ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಕೊನೆಯ ಮಡಿಯಲ್ಲಿ ಬೀಜಕ್ಕೆಂದು ಬಿಟ್ಟ ಗಿಡಗಳು ಹೂ ಬಿಟ್ಟಿದ್ದವು. ಆ ಬೀಜವನ್ನು ಮದುವೆಯ ವರ್ಷ ಮಂಜಿಯ ಅವ್ವ ಸೋರೆ ಬುರುಡೆಯಲ್ಲಿ ತುಂಬಿ ಕೊಟ್ಟಿದ್ದಳು. ಈರುಳ್ಳಿ ಬೀಜವನ್ನು ಕೂಡಿಟ್ಟು ಉಳಿಸಲಾಗದು, ವರ್ಷ ವರ್ಷ ಬೆಳೆದೇ ಉಳಿಸಬೇಕು. ಅವ್ವ ಈಗಿಲ್ಲ, ತವರಿನಲ್ಲಿ ಆ ಬೀಜವೂ ಇಲ್ಲ. ಮಂಜಿ ಗುಡ್ಡದ ಬುಡದ ಕೆರೆಯಿಂದ ಕೊಡ ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡಳು.

"ತಡಿ, ಭಟ್ಕಳದಲ್ಲಿ ಹಳೇ ಪಂಪು ಸಿಗ್ತದಂತೆ, ತರ್ತೆ" ಎಂದು ತಿಮ್ಮ ಹೊರಟ. ಮಾರನೇ ದಿನ ನನಗೆ ಫೋನು.

"ಡ್ರೈವರ್ರೇ, ಪಂಪು ಸಿಕ್ತು. ಆದ್ರೆ ಅದಕ್ಕೆ ಆರು ಚಕ್ರ ಉಂಟು. ನೀವು ಬರ್ಬೇಕು."

ಭಟ್ಕಳದ ಪಕ್ಕದ ಜಾಲಿ ಎಂಬ ಊರಿನ ಗುಜರಿ ಅಂಗಡಿಯ ಮುಂದೆ ಒಂದು ಫೈರ್ ಇಂಜಿನ್ ನಿಂತಿತ್ತು. ಯಾವುದೋ ಮುಚ್ಚಿದ ಕಾರ್ಖಾನೆಯದಂತೆ. ಸೈರನ್ನು, ದೀಪ ಕಿತ್ತಿದ್ದರು, ಹಿತ್ತಾಳೆಯ ಗಂಟೆ ಮಾತ್ರ ಉಳಿದಿತ್ತು. ಬಾನೆಟ್ ಎತ್ತಿ ನೋಡಿದೆ. ಟಯರು ಒದ್ದು ನೋಡಿದೆ. ಟ್ಯಾಂಕಿನೊಳಗೆ ಟಾರ್ಚು ಬಿಟ್ಟು ತುಕ್ಕು ಹುಡುಕಿದೆ, ಪಂಪು ತಿರುಗಿಸಿ ಸೋರುತ್ತದೆಯೇ ಎಂದು ಕೈಯಿಟ್ಟೆ. ಬೈಯಲು ಒಂದೇ ಒಂದು ತಪ್ಪು ಬೇಕಿತ್ತು, ಸಿಗಲಿಲ್ಲ. ತಿಮ್ಮ ಅಂಗಡಿಯ ಸಾಹೇಬರಿಗೆ ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ಕೊಡ ಹಿಡೀತದೆ?" ಅವರು ನಾಲ್ಕೂವರೆ ಸಾವಿರ ಲೀಟರ್ ಎಂದರು. ತಿಮ್ಮ ಬೆರಳು ಮಡಿಸಿ ಎಣಿಸಿದ. "ಮುನ್ನೂರು ಕೊಡ, ಡ್ರೈವರ್ರೇ" ಎಂದು ನನ್ನ ಹೆಗಲು ಹಿಡಿದು ಕುಣಿದೇಬಿಟ್ಟ.

ಹೆದ್ದಾರಿಯಲ್ಲಿ ಲಾರಿಗಳೆಲ್ಲ ಬದಿಗೆ ಸರಿದು ದಾರಿ ಬಿಟ್ಟವು. ಮೂವತ್ತು ವರ್ಷದಲ್ಲಿ ನನ್ನ ಬಸ್ಸಿಗೆ ಯಾವ ಲಾರಿಯೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಸುಳ್ಳೇಕೆ ಹೇಳಲಿ, ನನಗೂ ಸೊಕ್ಕು ತಲೆಗೇರಿತು. ಮಂಕಿ ಊರು ಬರುತ್ತಲೇ ತಿಮ್ಮ ತಡೆಯಲಾರದೆ ಗಂಟೆ ಹೊಡೆದ. ಬೆಂಕಿ ನೋಡಲೆಂದು ಹತ್ತಾರು ಬೈಕುಗಳು ಬೆನ್ನು ಹತ್ತಿದವು. ಶರಾವತಿ ಸೇತುವೆ ದಾಟಿ ಹೊನ್ನಾವರದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಅಷ್ಟೂ ಜನ ಸುತ್ತುವರಿದರು.

"ಬೆಂಕಿ ಎಲ್ಲಿ ಮಾರಾಯ್ರೇ?"

"ಬೆಂಕಿ ಇಲ್ಲ, ಈರುಳ್ಳಿ" ಎಂದ ತಿಮ್ಮ. ಅವರು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಬೈಕು ತಿರುಗಿಸಿ ಹೋದರು.

ಮಂಜಿ ಅಂಗಳಕ್ಕೆ ಬಂದು ಗಾಡಿಯನ್ನು ಒಂದು ಸುತ್ತು ಹಾಕಿದಳು. "ಸುಗ್ಗಿ ಹಬ್ಬದೊಳಗೆ ಇದನ್ನ ಮಾರ್ಬೇಕು. ಇಲ್ಲಾಂದ್ರೆ ನಾ ಇದ್ರಲ್ಲೇ ಕೂತು ತವರಿಗೆ ಹೋತೆ" ಎಂದಳು. ತಿಮ್ಮ ಆಯ್ತೆಂದು ತಲೆಯಾಡಿಸಿದ.

ಮರುದಿನ ಕೆರೆಯಲ್ಲಿ ನೀರು ತುಂಬಿಸಿ ಗದ್ದೆಯ ಅಂಚಿಗೆ ಗಾಡಿ ತಂದೆ. ಅಕ್ಕಪಕ್ಕದ ಗದ್ದೆಯ ಹೆಂಗಸರೆಲ್ಲ ಕೊಡ ಇಟ್ಟು ನೋಡಲು ನಿಂತರು. ಪೈಪಿನ ಹಿತ್ತಾಳೆ ಮೂತಿಯನ್ನು ತಿಮ್ಮ ಎರಡೂ ಕೈಯಲ್ಲಿ ಹಿಡಿದ. ನಾನು ಪಂಪು ಬಿಟ್ಟೆ. ಮೂರು ಮಹಡಿ ದಾಟಿ ನೀರೆಸೆಯುವ ಪಂಪಿಗೆ ಗೇಣುದ್ದದ ಈರುಳ್ಳಿಯ ಸುದ್ದಿ ಹೇಗೆ ಗೊತ್ತಿರಬೇಕು? ತಿಮ್ಮ ಅಂಗಾತ ಬಿದ್ದ. ಪೈಪು ಅವನನ್ನು ಎಳೆದಾಡಿಸಿತು. ಎರಡು ಮಡಿಯ ಈರುಳ್ಳಿ ಬುಡಸಮೇತ ಎದ್ದು ಹಾರಿ ಹೆಂಗಸರ ತಲೆಯ ಮೇಲೆ ಬಿದ್ದವು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿರುವಾಗ ಮಂಜಿ ಮಾತ್ರ ಓಡಿದಳು. ಬೀಜದ ಮಡಿಯ ಮುಂದೆ ಕೈ ಅಗಲಿಸಿ ನಿಂತು, ಬಂದ ನೀರನ್ನೆಲ್ಲ ಎದೆಗೆ ಹೊಡೆಸಿಕೊಂಡಳು. ನಾನು ಪಂಪು ನಿಲ್ಲಿಸಿದೆ.

ಒಂದು ಹೂವೂ ಮುರಿದಿರಲಿಲ್ಲ. ಮಂಜಿ ಒದ್ದೆ ಸೀರೆಯಲ್ಲೇ ಬಂದು ಪೈಪನ್ನು ಮುಟ್ಟಿ ಮುಟ್ಟಿ ನೋಡಿದಳು.

"ಡ್ರೈವರಣ್ಣ, ಈ ಮೂತಿ ಕಳಚಿದ್ರೆ ಎಂತ ಆತದೆ?"

"ನೀರು ಹಾರೂದಿಲ್ಲ, ಬುಳುಬುಳು ಬೀಳ್ತದೆ."

"ಹಾಗಾದ್ರೆ ಹೊಂಡ ತುಂಬಿಸಿ ಕೊಡಿ. ಹೊಯ್ಯೂದು ನಮಗೆ ಬತ್ತದೆ."

ಇಷ್ಟು ಸುಲಭದ ಸಂಗತಿ ಮೂವತ್ತು ವರ್ಷದ ಡ್ರೈವರನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅದನ್ನು ಮುಚ್ಚಲು ಜೋರು ಮಾಡಿದೆ: ಹೊಂಡ ಮರಳಿನದು, ಸಿಹಿನೀರು ಇಂಗಿ ಹೋಗುತ್ತದೆ, ಅಡಿಯಿಂದ ಉಪ್ಪು ಏರುತ್ತದೆ, ತಳಕ್ಕೆ ಏನು ಹಾಸುತ್ತೀರಿ? ತಿಮ್ಮ ಕೆಸರಿನಿಂದೆದ್ದು ಮನೆಯ ಕಡೆ ಓಡಿದ. ಬರುವಾಗ ಅಟ್ಟದ ಫ್ಲೆಕ್ಸೆಲ್ಲ ಅವನ ಹೆಗಲ ಮೇಲಿದ್ದವು.

ಹೊಂಡದ ಉಪ್ಪುನೀರು ಹೊರಹಾಕಿ, ಫ್ಲೆಕ್ಸು ಹಾಸಿ, ಕೆರೆಯ ನೀರು ತುಂಬಿದೆವು. ಆಮೇಲೆ ಎರಡು ದಿನಕ್ಕೊಮ್ಮೆ ಇದೇ ಕೆಲಸ. ಪಕ್ಕದ ಗದ್ದೆಗಳವರೂ ತಮ್ಮ ಹೊಂಡಗಳಿಗೆ ಫ್ಲೆಕ್ಸು ಬೇಡಿ ಒಯ್ದರು. ನೀರಿನಡಿಯಲ್ಲಿ ಕೈಮುಗಿದು ನಗುತ್ತಿದ್ದ ಮುಖಗಳ ಮೇಲೆ ಹೆಂಗಸರು ಕೊಡ ಅದ್ದುತ್ತಿದ್ದರು. "ಓಟು ಕೇಳಿದವರು ಕಡೆಗೂ ನೀರು ಕೊಟ್ರು" ಎಂದು ಮಂಜಿ ಹೇಳಿದ್ದಕ್ಕೆ ಗದ್ದೆಗೆ ಗದ್ದೆಯೇ ನಕ್ಕಿತು.

ಬೀಜ ಕಪ್ಪಾಗಿ ಬಲಿಯಿತು. ಸುಗ್ಗಿಯೂ ಹತ್ತಿರ ಬಂತು. ತಿಮ್ಮ ಕೊಟ್ಟ ಮಾತಿಗೆ ತಪ್ಪುವವನಲ್ಲ. ಹೊನ್ನಾವರದ ಸುಜಯ ಎಂಬ ಟ್ಯಾಂಕರ್ ಮಾಲೀಕನನ್ನು ಕರೆಸಿದ. ಆ ಬೆಳಿಗ್ಗೆ ತಿಮ್ಮನ ಮುಖ ನೋಡಲಾಗುತ್ತಿರಲಿಲ್ಲ. ನನಗೂ ಗಾಡಿ ಹೋಗುವುದು ಬೇಡವಾಗಿತ್ತು. ಬೈಯಲು ಅದರಲ್ಲಿ ತಪ್ಪು ಹುಡುಕಿದವನು ನಾನೇ.

ಮೂವರೂ ಗಾಡಿಯ ಹತ್ತಿರ ಹೋದೆವು. ಹಬ್ಬಕ್ಕೆ ಮನೆಯ ಕೆಮ್ಮಣ್ಣಿನ ಗೋಡೆಗೆ ಬಿಳಿ ಶೇಡಿ ಮಣ್ಣಿನಲ್ಲಿ ಚಿತ್ತಾರ ಬರೆಯುತ್ತಿದ್ದ ಮಂಜಿ, ಗೋಡೆ ಮುಗಿಸಿ ಅಲ್ಲಿಗೇ ನಿಲ್ಲಿಸಿರಲಿಲ್ಲ. ಗಾಡಿಯ ಕೆಂಪು ಮೈ ತುಂಬ ತೇರು, ತೆನೆ, ಹಕ್ಕಿಯ ಸಾಲು ಬರೆದಿದ್ದಳು. ಒಳಗೆ ಗಂಟೆಯ ಕೊಕ್ಕೆಗೆ ಅವ್ವನ ಸೋರೆ ಬುರುಡೆ ತೂಗುತ್ತಿತ್ತು, ಬಾಯಿ ಬಿಗಿದು ಕಟ್ಟಿ, ಬೀಜ ತುಂಬಿ.

ಸುಜಯ ಕೈಯಲ್ಲಿ ಶೇಡಿ ಒರೆಸಿ ನೋಡಲು ಹೋದ.

"ಮುಟ್ಬೇಡಿ, ಹಸಿ ಇದೆ" ಎಂದಳು ಮಂಜಿ, ಕೈ ಒರೆಸಿಕೊಳ್ಳುತ್ತ. "ಮನೆ ಗೋಡೆ ಯಾರಾದ್ರೂ ಮಾರ್ತಾರ?"

ತಿಮ್ಮ ಸುಜಯನನ್ನು ‘ಬಿ ೧೪’ರಲ್ಲಿ ಕೂರಿಸಿ, ಚಹಾ ತರಲು ಒಳಗೆ ಓಡಿದ.