ಕೆಂಪು ಗೆರೆ ದಾಟದ ಲಾರಿ

ಚಿಕ್ಕವಳಿದ್ದಾಗ ಸುಮಿತ್ರ ಬಸ್ಸು ಹತ್ತಿದರೆ ವಾಂತಿ ಖಂಡಿತ. ಪುತ್ತೂರಿನಿಂದ ಮಂಗಳೂರಿಗೆ ಹೋಗುವ ತಿರುವುಗಳಲ್ಲಿ ತಾಯಿ ಜಯಮ್ಮ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಮಗಳ ತಲೆ ಹಿಡಿದು ಕೂರಬೇಕಿತ್ತು. ಅಂಥ ಹುಡುಗಿ ಫಿಸಿಕ್ಸ್ ಓದಿ, ತಿರುವನಂತಪುರದ ಕೇಂದ್ರ ಸರ್ಕಾರದ ಪ್ರಯೋಗಾಲಯವೊಂದರಲ್ಲಿ ವಾಹನಗಳ ಎಳೆತ, ಕುಲುಕಾಟ ಅಳೆಯುವ ಕೆಲಸಕ್ಕೆ ಸೇರಿದಳೆಂದಾಗ ನೆಂಟರೆಲ್ಲ ನಕ್ಕರು. ಅವಳಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಶಾಲೆಯ ಪುಸ್ತಕ ವೇಗೋತ್ಕರ್ಷ ಎಂದು ಕರೆಯುವುದನ್ನು ಅವಳ ಹೊಟ್ಟೆ ಎಂದೋ ಕಲಿತಾಗಿತ್ತು.

ಗಂಡ ಕೃಷ್ಣಾನಂದನಿಗೆ ಎರ್ನಾಕುಲಂನಲ್ಲಿ ಬ್ಯಾಂಕಿನ ನೌಕರಿ, ಪಾಲಾರಿವಟ್ಟಂನಲ್ಲಿ ಬಾಡಿಗೆ ಮನೆ. ಸುಮಿತ್ರ ವಾರವಿಡೀ ತಿರುವನಂತಪುರದಲ್ಲಿ, ರಜೆಗೆ ಮಾತ್ರ ಗಂಡನ ಮನೆಯಲ್ಲಿ. ಮನೆಯೊಡತಿ ಮಲಯಾಳಿ ಅಮ್ಮಚ್ಚಿಗೆ ಇದೊಂದು ಒಗಟು. "ಮೋಳೇ, ಅಲ್ಲಿ ನಿನಗೆ ಏನು ಕೆಲಸ?" ಎಂದು, ಮಗಳನ್ನು ಕರೆಯುವಂತೆ ಕರೆದು, ಪ್ರತಿ ಸಲ ಕೇಳುತ್ತಿದ್ದರು. "ಗಾಡಿ ಎಷ್ಟು ಜೋರಾಗಿ ಹೊರಡುತ್ತದೆ, ಎಷ್ಟು ಜೋರಾಗಿ ನಿಲ್ಲುತ್ತದೆ ಅಂತ ನೋಡುವುದು" ಎಂದರೆ, "ಅದನ್ನು ನೋಡಲು ಸಂಬಳವಾ?" ಎಂದು ಆಶ್ಚರ್ಯಪಡುತ್ತಿದ್ದರು.

ಸಾವಿರದ ಒಂಬೈನೂರ ಎಪ್ಪತ್ತರ ಸುಮಾರಿಗೆ ಆ ಕೆಲಸಕ್ಕೆ ಒಮ್ಮೆಲೇ ಬೆಲೆ ಬಂತು. ಪ್ರಯೋಗಾಲಯಕ್ಕೆ ಬೇಕಾದ ಸೂಕ್ಷ್ಮ ಯಂತ್ರಗಳು ವಿದೇಶದಿಂದ ಹಡಗಿನಲ್ಲಿ ಎರ್ನಾಕುಲಂ ಪಕ್ಕದ ಬಂದರು ವಿಲ್ಲಿಂಗ್ಡನ್ ಐಲ್ಯಾಂಡಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ತಿರುವನಂತಪುರಕ್ಕೆ ಬರುತ್ತಿದ್ದವು. ಕೂದಲೆಳೆಯಂಥ ತಂತಿಗಳಲ್ಲಿ ನೇತುಬಿದ್ದ ಭಾಗಗಳುಳ್ಳ ಯಂತ್ರಗಳವು. ಸಮುದ್ರವನ್ನೆಲ್ಲ ದಾಟಿ ಸುಖವಾಗಿ ಬಂದದ್ದು ನಮ್ಮ ರಸ್ತೆಯಲ್ಲಿ ಹಾಳಾಗುತ್ತಿತ್ತು. ವಿಭಾಗದ ಮುಖ್ಯಸ್ಥ ಯಜ್ಞನಾರಾಯಣ, ಮೈಸೂರಿನವರು, ಸುಮಿತ್ರಳನ್ನು ಕರೆಸಿದರು.

"ನೋಡಮ್ಮ, ಚಾಲಕರು ಬ್ರೇಕ್ ತುಳಿಯೋ ರೀತೀಲೇ ಅರ್ಧ ಹಾಳಾಗ್ತಿದೆ. ಅದಕ್ಕೇನಾದರೂ ಮಾಡು."

ಸುಮಿತ್ರ ಮಾಡಿದಳು. ಟೈಂಪೀಸಿನಷ್ಟು ದೊಡ್ಡ ಡಬ್ಬಿ. ಒಳಗೆ ಎಣ್ಣೆಯಲ್ಲಿ ಮುಳುಗಿದ ಲೋಲಕ. ಹೊರಗೆ ಗಾಜಿನ ಹಿಂದೆ ಸೂಜಿ. ಲಾರಿ ಮುನ್ನುಗ್ಗಿದರೆ ಸೂಜಿ ಒಂದು ಕಡೆ ವಾಲುವುದು, ಬ್ರೇಕ್ ಹಾಕಿದರೆ ಇನ್ನೊಂದು ಕಡೆ. ಅದರ ಜೊತೆಗೆ ಎರಡನೆಯದೊಂದು ತೆಳು ಮುಳ್ಳು. ಸೂಜಿ ಅತಿ ಹೆಚ್ಚು ಎಲ್ಲಿಯವರೆಗೆ ಹೋಯಿತೋ ಅಲ್ಲಿಗೆ ಇದನ್ನು ತಳ್ಳಿ ಬಿಟ್ಟುಬರುತ್ತಿತ್ತು. ಯಂತ್ರ ಸಹಿಸಬಲ್ಲ ಮಿತಿಯನ್ನು ಲೆಕ್ಕ ಹಾಕಿ, ಗಾಜಿನ ಮೇಲೆ ಉಗುರಿಗೆ ಹಚ್ಚುವ ಬಣ್ಣದಿಂದ ಅವಳೇ ಕೆಂಪು ಗೆರೆ ಎಳೆದಳು. ಡಬ್ಬಿಯನ್ನು ಸ್ಟಿಯರಿಂಗಿನ ಪಕ್ಕದಲ್ಲಿ, ಚಾಲಕನ ಕಣ್ಣಿಗೆ ಸದಾ ಬೀಳುವಂತೆ ಕೂರಿಸಿದರು.

ಚಾಲಕ ರಾಮದಾಸ ಕುಂಬಳೆಯವನು. ಮಲಯಾಳ, ತುಳು, ಕನ್ನಡ ಮೂರೂ ಸಲೀಸು. ವಯಸ್ಸಿನಲ್ಲಿ ಹಿರಿಯನಾದ್ದರಿಂದ ಸುಮಿತ್ರ ಅವನನ್ನು ರಾಮದಾಸಣ್ಣ ಎನ್ನುತ್ತಿದ್ದಳು. ಅವನು ಮೇಡಂ ಎನ್ನುತ್ತಿದ್ದ. ಡಬ್ಬಿಯನ್ನು ಮೊದಲು ಕಂಡಾಗ ಅವನಿಗೆ ಬೇಸರವಾಗಿತ್ತು.

"ಇಷ್ಟು ವರ್ಷ ಗಾಡಿ ಓಡಿಸಿದ್ದೇನೆ. ಈಗ ಈ ಡಬ್ಬಿ ನನಗೆ ಪಾಠ ಹೇಳುವುದಾ?"

"ಪಾಠ ಅಲ್ಲ. ನೀವು ಎಷ್ಟು ಚಂದ ಓಡಿಸ್ತೀರಿ ಅಂತ ಸಾಬೀತು ಮಾಡ್ತದೆ."

ಆ ಮಾತು ನಾಟಿತು. ಸಮುದ್ರದ ಬದಿಯ ಖಾಲಿ ರಸ್ತೆಯಲ್ಲಿ ಅವಳು ಪಕ್ಕ ಕೂತು ಅಭ್ಯಾಸ ಮಾಡಿಸಿದಳು. ಕ್ಲಚ್ಚು ಮೆಲ್ಲಗೆ ಬಿಡಿ, ಬ್ರೇಕು ಹೂವಿನ ಹಾಗೆ ಒತ್ತಿ, ಸೂಜಿ ನೋಡಿ, ಸೂಜಿ ನೋಡಿ. ಕೆಲವೇ ದಿನಗಳಲ್ಲಿ ರಾಮದಾಸನಿಗೆ ಅದರ ರುಚಿ ಹತ್ತಿತು. ಒಂದು ದಿನ ಬಾನೆಟ್ಟಿನ ಮೇಲೆ ಲೋಟದ ತುಂಬ ಚಾಯ ಇಟ್ಟು, ಒಂದು ಹನಿ ತುಳುಕದಂತೆ ಗೇಟಿನವರೆಗೆ ಓಡಿಸಿ ತೋರಿಸಿದ. ಉಳಿದ ಚಾಲಕರು ಚಪ್ಪಾಳೆ ತಟ್ಟಿದರು. ಮುಳ್ಳು ಕೆಂಪು ದಾಟಿದರೆ ಚಾಲಕನೇ ಹೊಣೆ ಎಂದು ಯಜ್ಞನಾರಾಯಣ ಆಜ್ಞೆ ಹೊರಡಿಸಿದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಸುಮಿತ್ರಳಿಗೂ.

ಎಪ್ಪತ್ತೊಂದರಲ್ಲಿ ಎಲ್ಲಕ್ಕಿಂತ ದುಬಾರಿ ಯಂತ್ರ ಬಂದಿಳಿಯಿತು. ಅದನ್ನು ತರಲು ಸುಮಿತ್ರಳೇ ಹೊರಟಳು. ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕಸ್ಟಮ್ಸಿನವರ ಕೆಲಸ ಮುಗಿದು, ಕ್ರೇನು ಪೆಟ್ಟಿಗೆಯನ್ನು ಲಾರಿಗೆ ಇಳಿಸುವ ಹೊತ್ತಿಗೆ ಕೃಷ್ಣಾನಂದ ಬಾಳೆಲೆಯಲ್ಲಿ ಇಡ್ಲಿ ಕಟ್ಟಿಸಿಕೊಂಡು ಬಂದ.

"ಲಾರಿಯಲ್ಲಿ ಅಷ್ಟು ದೂರ ಕೂರ್ತೀಯಲ್ಲ ಮಾರಾಯ್ತಿ, ವಾಂತಿ ಬಂದರೆ ಎಂತ ಮಾಡ್ತಿ?"

"ರಾಮದಾಸಣ್ಣನ ಲಾರಿಯಲ್ಲಿ ಹಸುಗೂಸೂ ಏಳುವುದಿಲ್ಲ."

ಮಾತು ಕೇಳಿ ರಾಮದಾಸ ಹೆಮ್ಮೆಯಿಂದ ಮೀಸೆಯಡಿಯಲ್ಲೇ ನಕ್ಕ.

ನಿಜಕ್ಕೂ ಪ್ರಯಾಣ ದೋಣಿಯಲ್ಲಿ ಹೋದಂತಿತ್ತು. ಚೇರ್ತಲ ಕಳೆಯಿತು, ಅಲೆಪ್ಪಿಯ ಸೇತುವೆಗಳು ಕಳೆದವು. ಸುಮಿತ್ರಳ ಕಣ್ಣೂ ಗಾಜಿನ ಮೇಲೆಯೇ. ಮುಳ್ಳು ಕೆಂಪಿನಿಂದ ಎಷ್ಟೋ ದೂರದಲ್ಲಿ ಸುಮ್ಮನೆ ನಿಂತಿತ್ತು. ಕಾಯಂಕುಳಂ ದಾಟಿದ ಮೇಲೆ ರಸ್ತೆ ನೇರವಾಯಿತು. ಎರಡೂ ಬದಿ ತೆಂಗು, ಅಲ್ಲೊಂದು ಇಲ್ಲೊಂದು ಚಾಯದಂಗಡಿ, ಮಧ್ಯಾಹ್ನದ ಬಿಸಿಲು. ಆಗ ಎಡಗಡೆಯ ಓಣಿಯಿಂದ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ರಸ್ತೆಗೆ ಇಳಿದ. ಸೈಕಲ್ಲಿನ ಮೇಲೆ ಮರಗೆಣಸಿನ ಮೂಟೆ. ಭಾರಕ್ಕೆ ಹ್ಯಾಂಡಲ್ಲು ವಾಲುತ್ತಿತ್ತು.

ದೂರವಿತ್ತು. ನಿಲ್ಲಿಸಲು ಬೇಕಾದಷ್ಟು ಜಾಗವಿತ್ತು. ಸುಮಿತ್ರ ಮುಂದಿನ ಎಷ್ಟೋ ವರ್ಷ ಹೇಳುತ್ತಿದ್ದ ಮಾತು ಇದೊಂದೇ: ಜಾಗವಿತ್ತು. ಲಾರಿ ನಿಧಾನವಾಗತೊಡಗಿತು, ಆದರೆ ಯಾರನ್ನೋ ಇಳಿಸಲು ನಿಲ್ಲುತ್ತಿರುವಂತೆ, ಹಾಯಾಗಿ. ಅವಳು ತಲೆಯೆತ್ತಿ ರಾಮದಾಸನ ಮುಖ ನೋಡಿದಳು. ಅವನು ಮುದುಕನನ್ನು ನೋಡುತ್ತಿದ್ದ, ಸೂಜಿ ನೋಡುತ್ತಿದ್ದ, ಮತ್ತೆ ಮುದುಕನನ್ನು, ಮತ್ತೆ ಸೂಜಿಯನ್ನು.

"ರಾಮದಾಸಣ್ಣ, ನಿಲ್ಲಿಸಿ."

ಲಾರಿ ನಿಂತಿತು. ನಿಲ್ಲುವ ಮೊದಲು ಮೆತ್ತಗೊಂದು ಸದ್ದು ಬಂತು, ಮೂಟೆ ಕೆಳಗಿಟ್ಟಂಥ ಸದ್ದು. ಅವಳ ಮೈ ಮುಂದಕ್ಕೆ ವಾಲಲೂ ಇಲ್ಲ. ಮಡಿಲಲ್ಲಿದ್ದ ಇಡ್ಲಿಯ ಪೊಟ್ಟಣ ಇದ್ದಲ್ಲೇ ಇತ್ತು. ಎದುರಿನ ಗಾಜಿನಾಚೆ ಮುದುಕ ಇರಲಿಲ್ಲ.

ಅವಳು ಹೇಗೆ ಇಳಿದಳೋ ಅವಳಿಗೇ ಗೊತ್ತಾಗಲಿಲ್ಲ. ಮುದುಕ ಬಂಪರಿನ ಮುಂದೆ ಮರಗೆಣಸುಗಳ ನಡುವೆ ಬಿದ್ದಿದ್ದ. ಒಂದು ಕಾಲು ಇರಬಾರದ ದಿಕ್ಕಿಗೆ ತಿರುಗಿತ್ತು. ಕಣ್ಣು ತೆರೆದೇ ಇತ್ತು. ನೋವಿನಿಂದ ಕೂಗುವುದನ್ನೂ ಮರೆತವನಂತೆ ಅವನು ಲಾರಿಯನ್ನೇ ನೋಡುತ್ತಿದ್ದ. ಚಾಯದಂಗಡಿಯಿಂದ ಜನ ಓಡಿಬಂದರು. ಯಾರೋ ಕಾರು ನಿಲ್ಲಿಸಿ ಅವನನ್ನು ಎತ್ತಿ ಹಾಕಿಕೊಂಡರು. ರಾಮದಾಸ ಮಾತ್ರ ತನ್ನ ಸೀಟಿನಿಂದ ಕದಲಿರಲಿಲ್ಲ. ಸುಮಿತ್ರ ಅವನ ಬಾಗಿಲ ಬಳಿ ಹೋಗಿ ನಿಂತಳು. 

"ಯಾಕೆ ಒತ್ತಲಿಲ್ಲ?"

ರಾಮದಾಸ ಡಬ್ಬಿಯ ಕಡೆ ಬೆರಳು ತೋರಿಸಿದ. "ಇನ್ನು ಸ್ವಲ್ಪ ಒತ್ತಿದರೆ ಕೆಂಪು ದಾಟ್ತಿತ್ತು, ಮೇಡಂ."

ಸುಮಿತ್ರಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಡಬ್ಬಿಯ ಕಡೆ ಬಗ್ಗಿ ನೋಡಿದಳು. ಒಳಗೆ ಗಾಜಿನ ಹಿಂದೆ ಆ ತೆಳು ಮುಳ್ಳು ಕೆಂಪು ಗೆರೆಯ ಈಚೆಗೆ, ಅದಕ್ಕೆ ತಾಗಿಯೂ ತಾಗದಂತೆ ನಿಂತಿತ್ತು.

ಪೊಲೀಸರು ಬಂದರು, ರಾಮದಾಸನ ಹೇಳಿಕೆ ಬರೆದುಕೊಂಡರು, ಅವನನ್ನು ಠಾಣೆಗೆ ಕರೆದುಕೊಂಡು ಹೋದರು. ಪ್ರಯೋಗಾಲಯದಿಂದ ಬೇರೆ ಚಾಲಕ ಬಂದು ಲಾರಿ ತೆಗೆದುಕೊಂಡು ಹೋಗುವಾಗ ಮರುದಿನವಾಗಿತ್ತು. ಪೆಟ್ಟಿಗೆ ಬಿಚ್ಚಿದರೆ ಯಂತ್ರಕ್ಕೆ ಒಂದು ಗೀರೂ ಇಲ್ಲ. ಯಜ್ಞನಾರಾಯಣ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಭೇಷ್ ಕಣಮ್ಮ. ಇಂಥ ದುಬಾರಿ ಲೋಡಿನಲ್ಲೂ ಮುಳ್ಳು ಕೆಂಪು ದಾಟಿಲ್ಲ."

ಅಪಘಾತದ ಸುದ್ದಿ ಅವರಿಗೆ ಗೊತ್ತಿತ್ತು. ಅದಕ್ಕೂ ಇದಕ್ಕೂ ಇದ್ದ ನಂಟು ಮಾತ್ರ ಹೊಳೆದಿರಲಿಲ್ಲ. ಸುಮಿತ್ರ ಡಬ್ಬಿಯನ್ನು ಅವರ ಕೈಯಲ್ಲೇ ಬಿಟ್ಟಳು. ಹೊರಗೆ ಹೋಗಿ ನಲ್ಲಿಯ ಹತ್ತಿರ ಬಗ್ಗಿ ವಾಂತಿ ಮಾಡಿಕೊಂಡಳು.

ರಜೆ ಹಾಕಿ ಕೃಷ್ಣಾನಂದನ ಜೊತೆ ಆಸ್ಪತ್ರೆಗೆ ಹೋದಳು. ಮುದುಕನ ಹೆಸರು ನಾಣು. ತೊಡೆಯ ಮೂಳೆ ಮುರಿದಿತ್ತು. ಕಾಲಿಗೆ ಭಾರ ಕಟ್ಟಿ ತೂಗುಹಾಕಿದ್ದರು. ಹೆಂಡತಿ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು. ಸುಮಿತ್ರ ತನಗೆ ಬರುವಷ್ಟು ಮಲಯಾಳದಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಡಬ್ಬಿ ಮಾಡಿದವಳು ತಾನು, ಸೂಜಿ ನೋಡಲು ಕಲಿಸಿದವಳೂ ತಾನು ಎಂದಳು.

ನಾಣು ಗಂಜಿಯನ್ನು ಕೈಯಿಂದ ಪಕ್ಕಕ್ಕೆ ಸರಿಸಿದ.

"ಲಾರಿ ಜೋರಾಗಿ ಬಂದಿದ್ದರೆ ನಾನು ಸೈಕಲ್ ಬಿಟ್ಟು ಹಾರಿಬಿಡುತ್ತಿದ್ದೆ, ಮೋಳೇ," ಎಂದ. "ಅದು ಎಷ್ಟು ಮೆಲ್ಲಗೆ ನಿಧಾನವಾಗ್ತಾ ಬಂತು ಅಂದರೆ, ನನ್ನನ್ನು ಕಂಡಿದ್ದಾರೆ, ನಿಲ್ಲಿಸ್ತಾರೆ ಅಂದುಕೊಂಡೆ. ಅದಕ್ಕೇ ಅವಸರ ಮಾಡಲಿಲ್ಲ."

ಕೃಷ್ಣಾನಂದ ಹೆಂಡತಿಯ ತೋಳು ಹಿಡಿದು ಹೊರಗೆ ಕರೆತಂದ. ವರಾಂಡದ ಬೆಂಚಿನ ಮೇಲೆ ಅವಳು ಕೂತಳು. ಅವನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಕೇಳಿದ, "ಕೆಲಸ ಬಿಡ್ತೀಯಾ?"

"ಬಿಟ್ಟರೆ ಆ ಡಬ್ಬಿ ಅಲ್ಲೇ ಇರ್ತದೆ," ಎಂದಳು.

ಮರಳಿ ಹೋದವಳು ಯಜ್ಞನಾರಾಯಣರ ಬಳಿ ಒಂದೇ ಒಂದು ಬೇಡಿಕೆ ಇಟ್ಟಳು: ಆವರಣದೊಳಗೆ ನೀವೇ ಒಮ್ಮೆ ಜೀಪು ಓಡಿಸಬೇಕು, ಡಬ್ಬಿ ಎದುರಿಗಿರಬೇಕು. ಅವರು ಹುಬ್ಬೇರಿಸಿದರೂ ಒಪ್ಪಿದರು. ಸುಮಿತ್ರ ಪಕ್ಕದಲ್ಲಿ ಕೂತಳು. ಕಾರ್ಯಾಗಾರದಿಂದ ಗೇಟಿನವರೆಗೆ ಯಜ್ಞನಾರಾಯಣ ಬಲು ಜಾಗ್ರತೆಯಿಂದ ಓಡಿಸಿದರು. ಮುಳ್ಳು ಕೆಂಪಿನ ಹತ್ತಿರವೂ ಸುಳಿಯಲಿಲ್ಲ. ಅವರ ಮುಖ ಅರಳಿತು.

"ನೋಡಿದೆಯಾ?"

"ಸಾರ್, ದಾರಿಯಲ್ಲಿ ಯಾರು ಸಿಕ್ಕಿದರು?"

"ಯಾರಿದ್ದರು? ಯಾರೂ ಇರಲಿಲ್ಲವಲ್ಲ."

"ಹಿಂದೆ ತಿರುಗಿ ನೋಡಿ."

ಕ್ಯಾಂಟೀನಿನ ಹೆಂಗಸರು ರಸ್ತೆಯ ಅಂಚಿನಲ್ಲಿ ತಲೆಯ ಮೇಲೆ ಸೌದೆ ಹೊತ್ತು ಸಾಲಾಗಿ ಹೋಗುತ್ತಿದ್ದರು. ಜೀಪು ಅವರ ಸೆರಗಿಗೆ ತಾಗುವಷ್ಟು ಹತ್ತಿರದಲ್ಲೇ ಹಾದುಬಂದಿತ್ತು. ಯಜ್ಞನಾರಾಯಣ ಅವರನ್ನು ನೋಡಿದರು, ಡಬ್ಬಿಯನ್ನು ನೋಡಿದರು.  ಎಂಜಿನ್ ಆರಿಸಿದರು. "ತೆಗೆದುಬಿಡು" ಎಂದರು.

"ತೆಗೆಯುವುದು ಬೇಡ ಸಾರ್. ಜಾಗ ಬದಲಿಸೋಣ."

ಡಬ್ಬಿ ಹಿಂದಕ್ಕೆ, ಯಂತ್ರದ ಪೆಟ್ಟಿಗೆಯ ಪಕ್ಕಕ್ಕೆ ಹೋಯಿತು. ಚಾಲಕನ ಮೇಲಿನ ಆಜ್ಞೆ ರದ್ದಾಯಿತು. ಪೆಟ್ಟಿಗೆಯ ಕೆಳಗೆ ಸ್ಪ್ರಿಂಗು, ರಬ್ಬರು ಕೊಟ್ಟು, ಚಾಲಕ ಎಷ್ಟೇ ಜೋರಾಗಿ ಬ್ರೇಕ್ ಹಾಕಿದರೂ ಏಟನ್ನು ಪೆಟ್ಟಿಗೆಯೇ ನುಂಗಿಕೊಳ್ಳುವಂತೆ ಮಾಡಲು ಸುಮಿತ್ರ ಒಂದು ವರ್ಷ ದುಡಿದಳು. ಆ ಕೆಲಸ ಮೊದಲೇ ಮಾಡಬಹುದಿತ್ತು ಎಂಬುದು ಅವಳನ್ನು ಕೊನೆಯವರೆಗೂ ಕಾಡಿತು. ಪೆಟ್ಟಿಗೆಗೆ ಕಲಿಸಬೇಕಾದದ್ದನ್ನು ಮನುಷ್ಯನಿಗೆ ಕಲಿಸಲು ಹೋಗಿದ್ದೆ ಎಂದು ಗಂಡನ ಹತ್ತಿರ ಹೇಳುತ್ತಿದ್ದಳು.

ರಾಮದಾಸನ ಕೇಸಿನಲ್ಲಿ ಅವಳು ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿದಳು. ಅವನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಕೆಲಸಕ್ಕೆ ಮರಳಿ ತೆಗೆದುಕೊಂಡರೂ ಅವನು ಸ್ಟಿಯರಿಂಗ್ ಮುಟ್ಟದೆ ಗೋದಾಮಿನಲ್ಲಿ ಸಾಮಾನು ಎಣಿಸುತ್ತ ಕೂತ. ಸುಮಿತ್ರ ಅವನನ್ನು ಒತ್ತಾಯಿಸಲಿಲ್ಲ. ನಾಣು ಕೋಲೂರಿ ನಡೆಯುವಂತಾದ ಮೇಲೆ ಒಂದು ದಿನ ರಾಮದಾಸ ತಾನಾಗಿಯೇ ಬಂದ.

"ಮೇಡಂ, ಜೋರಾಗಿ ಬ್ರೇಕ್ ಹಾಕುವುದು ನನಗೆ ಮರೆತುಹೋಗಿದೆ. ಕಾಲು ಕೇಳುವುದಿಲ್ಲ."

ಅವಳು ಖಾಲಿ ಲಾರಿ ತೆಗೆಸಿ, ಸಮುದ್ರದ ಬದಿಯ ಅದೇ ರಸ್ತೆಗೆ ಕರೆದುಕೊಂಡು ಹೋದಳು. ಲಾರಿ ವೇಗ ಹಿಡಿದಾಗ "ಈಗ" ಎಂದಳು. ಅವನ ಕಾಲು ಹೂವಿನ ಹಾಗೆ ಒತ್ತಿತು. ಮತ್ತೆ ಹೊರಟರು; ಮತ್ತೆ ಹಾಗೆಯೇ. ಅವನ ಹಣೆಯಲ್ಲಿ ಬೆವರು ಮುತ್ತುಗಟ್ಟಿತು. ಮುಂದಿನ ಸಲ ಅವಳು ಏನೂ ಹೇಳಲಿಲ್ಲ. ಒಂದು ಮೇಕೆಮರಿ ತೆಂಗಿನ ಬುಡದಿಂದ ಚಂಗನೆ ರಸ್ತೆಗೆ ಹಾರಿತು.

ಟೈರುಗಳು ಕಿರುಚಿದವು. ಲಾರಿ ಅಡ್ಡಡ್ಡ ಜಾರಿ ಮರಳಿನಲ್ಲಿ ನಿಂತಿತು. ಸುಮಿತ್ರಳ ಹಣೆ ಎದುರಿನ ತಗಡಿಗೆ ಬಡಿದು, ಬಳೆಯೊಂದು ಚೂರಾಯಿತು. ಮೇಕೆಮರಿ ಆಚೆ ಬದಿಗೆ ಹೋಗಿ ನಿಂತು ಇವರನ್ನು ನೋಡಿತು.

"ಪೆಟ್ಟಾಯಿತಾ ಮೇಡಂ?" ರಾಮದಾಸ ಕೇಳಿದ.

"ಆಯಿತು," ಎಂದಳು ಸುಮಿತ್ರ, ಹಣೆ ಒತ್ತಿಕೊಳ್ಳುತ್ತ. "ಒಳ್ಳೆಯದಾಯಿತು. ಹೋಗುವ."