ಗೋಡೆ ಗಡಿಯಾರದ ಕುಂಟು ತಾಳ

ಗಡಿಯಾರ ರಿಪೇರಿ ಅಂಗಡಿಯವರನ್ನು ಬೀದಿಯಲ್ಲಿ ಎಲ್ಲರೂ ಕರೆಯುವುದು ಟಿಕ್‌ಟಿಕ್ ಮಾವ ಎಂದು. ಮೂವತ್ತೈದು ವರ್ಷ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತದ್ದರಿಂದ ಎಡಗಣ್ಣು ಈಗ ಯಾವಾಗಲೂ ಅರ್ಧ ಮುಚ್ಚಿರುತ್ತದೆ. ಪರಿಚಯವಿಲ್ಲದವರಿಗೆ ಇವರು ತಮ್ಮ ಮಾತು ನಂಬುತ್ತಿಲ್ಲವೇನೋ ಅನಿಸುತ್ತದೆ.

ಎಂಟು ತಿಂಗಳ ಹಿಂದೆ, ಅಂಗಡಿಗೆ ಬಣ್ಣ ಹೊಡೆಸಿದ ವಾರವೇ, ಮಾವ ಹಿಂದಿನ ಕೋಣೆಗೆ ಒಂದು ಡಿಜಿಟಲ್ ಪಿಯಾನೊ ತಂದಿಟ್ಟರು. "ಈ ವಯಸ್ಸಿಗೆ ಇದೊಂದು ಬಾಕಿ ಇತ್ತು" ಅಂದರು ಹೆಂಡತಿ. ಅಂದವರೇ ಅದಕ್ಕೆ ಹೊದಿಸಲು ಬಟ್ಟೆಯನ್ನೂ ಹೊಲಿದರು.

ಪಾಠ ಹೇಳಿದ್ದು ಶಾಲೆಯಲ್ಲಿ ಸಂಗೀತ ಕಲಿಸುವ ನಾದಿನಿ. ಶಿಷ್ಯರಾದ ಮಾವ ಪಾಠ ಒಪ್ಪಿಸುವುದನ್ನು ಬಿಟ್ಟು ತಮ್ಮದೇ ಒಂದು ಟ್ಯೂನ್ ಕಟ್ಟಿ ಕೂತಿದ್ದರು. ಕೇಳಿ ಅವಳು ಇನ್ನೊಮ್ಮೆ ನುಡಿಸಿ ಅಂದಳು. ಅವಳು ಹಾಗನ್ನುವುದೇ ಅಪರೂಪ.

"ಭಾವ, ವಾರ್ಷಿಕೋತ್ಸವಕ್ಕೆ ನಮ್ಮ ಮಕ್ಕಳು ಇದನ್ನೇ ನುಡಿಸಲಿ. ಕೂತು ಸ್ವರ ಬರೆಯೋಕೆ ನಂಗೆ ಪುರಸೊತ್ತಿಲ್ಲ. ಶುಕ್ರವಾರ ಬೆಳಿಗ್ಗೆ ಹಾಳೆ ನನ್ನ ಕೈಲಿರ್ಬೇಕು. ಇಲ್ದಿದ್ರೆ ಹೋದ್ವರ್ಷದ್ದೇ ಗತಿ."

ಪಿಯಾನೊದಿಂದ ಲ್ಯಾಪ್‌ಟಾಪಿಗೆ ಒಂದು ವೈರು ಸಿಕ್ಕಿಸಿ ಹೋದಳು. ಇಲ್ಲಿ ಪಿಯಾನೊದ ಕೀ ಒತ್ತಿದರೆ ಅಲ್ಲಿ ಐದು ಗೆರೆಗಳ ಮೇಲೆ ಸ್ವರ ತಾನಾಗಿ ಬಂದು ಕೂರುತ್ತದೆ. ಲಯಕ್ಕೆಂದು ಸಾಫ್ಟ್‌ವೇರ್ ಟಕ್ ಟಕ್ ಎನ್ನುತ್ತದೆ.

ಅಷ್ಟು ವರ್ಷ ಊರವರ ಗಡಿಯಾರ ಸರಿ ಮಾಡಿದ ಮಾವನಿಗೆ ತಾವೇ ಮಾಡಿದ್ದು ಅಂತ ತೋರಿಸಲು ಇದ್ದದ್ದು ಈ ಟ್ಯೂನ್ ಒಂದೇ. ಆದರೂ ಮೊದಲು ಮಾಡಿದ ಕೆಲಸ ಆ ಟಕ್ ಟಕ್ ಬಂದ್ ಮಾಡಿದ್ದು. ಲಯವನ್ನು ತಮಗೆ ಒಂದು ಡಬ್ಬಿ ಕಲಿಸುವುದೇ? ಎದುರಿನ ಗೋಡೆಯಲ್ಲಿ ಲೋಲಕದ ಗಡಿಯಾರವಿತ್ತು. ಎಂಟು ತಿಂಗಳು ಅದರ ಸದ್ದಿಗೇ ನುಡಿಸಿದ್ದರು. ಈಗಲೂ ಹಾಗೇ ನುಡಿಸಿದರು.

ಎರಡು ನಿಮಿಷದ ಟ್ಯೂನ್, ಸ್ವರಗಳೆಲ್ಲ ಚೂರಾಗಿ ಚದುರಿ, ಒಂಬತ್ತು ಪುಟವಾಯಿತು.

ಗುರುವಾರ ಸಂಜೆ ಬಂದ ನಾದಿನಿ ಪರದೆ ನೋಡಿದಳು. "ಭಾವ, ಇರುವೆ ಗೂಡಿಗೆ ಕಡ್ಡಿ ಹಾಕಿದ್ರಾ?"

"ನಿನ್ನ ಸಾಫ್ಟ್‌ವೇರಿಗೆ ಬರೆಯೋಕೆ ಬರಲ್ಲ."

"ಬರೆಯೋಕೆ ಬರತ್ತೆ. ನಿಮ್ಮ ಲಯನೇ ಕುಂಟ್ತಿದೆ."

ಹೇಳಬಾರದ ಮಾತು. ಮಾವ ಗೋಡೆಯ ಕಡೆ ಬೆರಳು ತೋರಿಸಿದರು. ಅವಳು ಬೇರೊಂದು ಸಾಫ್ಟ್‌ವೇರ್ ತೆರೆದು, ಮೈಕಿನಿಂದ ಆ ಗಡಿಯಾರದ ಸದ್ದನ್ನೇ ಹಿಡಿದಳು. ಪರದೆಯ ಮೇಲೆ ಸಣ್ಣ ಸಣ್ಣ ಮುಳ್ಳುಗಳೆದ್ದವು. ಮೊದಲೆರಡರ ನಡುವೆ ಅಗಲ, ಮುಂದಿನೆರಡರ ನಡುವೆ ಇಕ್ಕಟ್ಟು. ಕೊನೆಯವರೆಗೂ ಅದೇ ಪಾಡು.

"ಬಣ್ಣ ಹೊಡೆಸಿದ ಮೇಲೆ ಅದನ್ನ ಮೊಳೆಗೆ ಹಾಕಿದ್ದು ಯಾರ್ರೀ?" ಎಂದರು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

ಹಾಕಿದ್ದು ಮಾವನೇ. ಗಡಿಯಾರ ಕೂದಲೆಳೆಯಷ್ಟು ವಾಲಿತ್ತು. ವಾಲಿದರೆ ಟಿಕ್ಕಿಗೂ ಟಾಕಿಗೂ ಅಂತರ ಏರುಪೇರಾಗುತ್ತದೆ ಎಂದು ಗಿರಾಕಿಗಳಿಗೆ ದಿನವೂ ಹೇಳುವವರು ಅವರೇ. ಹೊತ್ತು ಸರಿ ತೋರಿಸುತ್ತಿದ್ದುದರಿಂದ ಕಿವಿಗೆ ಅನುಮಾನ ಬಂದಿರಲಿಲ್ಲ.

ಮಾವ ಸ್ಟೂಲು ಹತ್ತಿ ನೆಟ್ಟಗೆ ಮಾಡಿದರು. ಇಳಿದು, ಸಾಫ್ಟ್‌ವೇರಿನ ಟಕ್ ಟಕ್ ಹಾಕಿ ಅದರ ಹಿಂದೆಯೇ ನುಡಿಸಿದರು. ಒಂದೂವರೆ ಪುಟ, ಎಲ್ಲಿಯೂ ಗೋಜಲಿಲ್ಲ. ನಾದಿನಿ ಅದನ್ನೇ ಕಂಪ್ಯೂಟರಿನಲ್ಲಿ ಹಾಕಿ ಕೇಳಿಸಿದಳು.

"ಇದ್ಯಾರ್ದು?" ಎಂದರು ಹೆಂಡತಿ. "ದಿನಾ ಕೇಳ್ತಿದ್ದದ್ದು ಇದಲ್ಲ. ಇದಕ್ಕೆ ಇಸ್ತ್ರಿ ಹೊಡೆದ ಹಾಗಿದೆ."

ಮಾವನಿಗೂ ಹಾಗೇ ಅನಿಸಿತ್ತು. ನೆಟ್ಟಗಿದ್ದದ್ದನ್ನು ಬೇಡ ಅನ್ನುವುದು ಅವರ ಕಸುಬಿಗೆ ಒಗ್ಗದ ಮಾತು. ಆದರೂ ಕೇಳಿದರು.

"ಕುಂಟೋದನ್ನೂ ಬರೆಯಕ್ಕಾಗತ್ತಾ?"

"ಜೋಡಿಯಲ್ಲಿ ಮೊದಲನೇದು ಉದ್ದ, ಎರಡನೇದು ಗಿಡ್ಡ ಅಂತ ಮೊದಲೇ ಹೇಳಿಟ್ರೆ ಆಯ್ತು ಭಾವ. ಅದಕ್ಕೂ ಒಂದು ಗುಂಡಿ ಇದೆ."

ಮಾವ ಎದ್ದು ಲೋಲಕವನ್ನು ಕೈಯಿಂದ ಹಿಡಿದು ನಿಲ್ಲಿಸಿದರು. ಟಕ್ ಟಕ್ ಶುರುವಾಯಿತು. ಎಂಟು ತಿಂಗಳ ಕುಂಟು ಬೆರಳಲ್ಲೇ ಇತ್ತು. ಗೋಡೆಯ ಹಂಗು ಬೇಕಾಗಲಿಲ್ಲ. ಈ ಸಲವೂ ಒಂದೂವರೆ ಪುಟ. ಪ್ರಿಂಟ್ ತೆಗೆಯುವ ಮುಂಚೆ ನಾದಿನಿ ಹಾಳೆಯ ನೆತ್ತಿಗೆ ಎರಡು ಪದ ಸೇರಿಸಿದಳು: ತುಸು ಕುಂಟುತ್ತಾ.

ವಾರ್ಷಿಕೋತ್ಸವದಲ್ಲಿ ಹದಿನಾಲ್ಕು ಮಕ್ಕಳು ಒಟ್ಟಿಗೆ ಕುಂಟಿದರು. ಮೂರನೆಯ ಸಾಲಿನಲ್ಲಿ ಕೂತ ಮಾವನ ಎಡಗಣ್ಣು, ಹೆಂಡತಿ ನೋಡಿದಂತೆ, ಅವತ್ತು ಪೂರಾ ತೆರೆದಿತ್ತು.

ಗಡಿಯಾರ ಈಗ ನೆಟ್ಟಗೇ ಇದೆ. ಅಂಗಡಿಗೆ ಬಂದ ಗಿರಾಕಿಗಳ ಕಣ್ಣಿಗೆ ಬಾಗಿಲಿನಿಂದಲೇ ಬೀಳುವ ಜಾಗ. ಸಂಜೆ ಪಿಯಾನೊದ ಹೊದಿಕೆ ತೆಗೆಯುವ ಮುನ್ನ ಮಾತ್ರ ಮಾವ ಸ್ಟೂಲು ಹತ್ತಿ, ಒಂದೇ ಬೆರಳಿನಿಂದ ಅದನ್ನು ಕೂದಲೆಳೆಯಷ್ಟು ವಾಲಿಸುತ್ತಾರೆ.